ನಾಲ್ಕು ಡಿಸ್ಕಿನ ಡಬ್ಬಿ

ಬನಹಟ್ಟಿ ಬಸ್‌ಸ್ಟ್ಯಾಂಡಿನ ಮುಂದ
ಬೆಲ್ಟು, ಚಾರ್ಜರು, ತಂಪು ಕನ್ನಡಕ ಮಾರೂ ಅಂಗಡ್ಯಾಗ
ಜೋತಾಡತಿತ್ತು: 'ಆರು ಜನ, ಒಂದು ಬಚ್ಚಲು',
ಐವತ್ತೆರಡೂ ಕಂತು, ನಾಲ್ಕು ಡಿಸ್ಕು,
ನೂರಾ ತೊಂಬತ್ತೊಂಬತ್ತು.
ಡಬ್ಬಿ ಮ್ಯಾಲ ಆರೂ ಮಂದಿ ಟಾವೆಲ್ ಹೆಗಲಿಗೆ ಹಾಕ್ಕೊಂಡು
ಪಾಳಿ ಹಚ್ಚ್ಯಾರ.
ಮುದುಕನ ಸ್ವೆಟರು ಹಸಿರು.
ನಮ್ಮ ಟೀವ್ಯಾಗ ಅದು ಬೂದಿ ಇತ್ತು.

ಬೇಸ್ತವಾರ ರಾತ್ರಿ ಎಂಟೂವರಿಗೆ.
ಪಡಸಾಲ್ಯಾಗ ನಮ್ಮವು ನಾಲ್ಕು ಮಗ್ಗ,
ಎಡಗಡೆ ಮನಿಯವರವು ಆರು, ಬಲಗಡೆಯವರವು ಎಂಟು,
ಹಿಂದಿನ ಓಣಿಯವು ಎಣಿಸಿದವರಿಲ್ಲ.
'ಕರೆಂಟ್ ಐತಿ ಅಂದ್ರ ಮಗ್ಗ ನಡೀಬೇಕು,
ನಗೂದು ಆಮ್ಯಾಲ' ಅಂತಿದ್ದ ಅಪ್ಪ.
ಸೌಂಡು ಪೂರಾ ತಿರುವಿದರೂ
ಬಾಯಿ ಆಡೂದಷ್ಟ ಕಾಣಸ್ತಿತ್ತು.
ಲಾಳಿ ಸಪ್ಪಳ ದಾಟಿ ಬರೂದು ಒಂದ:
ಅವರ ಡಬ್ಬಿ ನಗಿ,
ತಗಡಿನ ಮ್ಯಾಲ ಜ್ವಾಳ ಸುರುವಿಧಂಗ.
ಆವಾಗ ನಾವೂ ನಗಬೇಕು ಅಂತ ಗೊತ್ತಿತ್ತು.
ಯಾಕ ಅಂತ ಗೊತ್ತಿರಲಿಲ್ಲ.

ಅದಕ್ಕ ದಾನಕ್ಕ ಇದ್ದಳು.
ಕಂಡಿಕಿ ಸುತ್ತಕೋತ, ಕೈ ಕಡೆ ನೋಡಲಾರದ,
ನಮ್ಮ ಕಿವಿಗೆ ಬಾಯಿ ಹಚ್ಚಿ ಅವರಿಗೆ ಮಾತು ಹಾಕಾಕಿ.
ಮುದುಕ ಬಚ್ಚಲ ಕದ ಬಡಿದ ಅಂದ್ರ:
'ಏ ಗುರಸಿದ್ದ, ಒಳಗ ಜಳಕಾ ಮಾಡಾಕತ್ತೀಯೋ
ಬಾವಿ ತೋಡಾಕತ್ತೀಯೋ?'
ಸೊಸಿ ಹೊಳ್ಳಿ ನೋಡಿದಳು ಅಂದ್ರ:
'ಮಾವಾರ, ನಿಮ್ಮ ಪಾಳಿ ಯುಗಾದಿಗೆ ಬರತೈತಿ, ಕುಂದರ್ರಿ.'
ಪೋಸ್ಟ್‌ಮ್ಯಾನ್ ಬಂದರ ಅವ ಪೋಸ್ಟ್‌ಮ್ಯಾನ್ ಅಲ್ಲ,
ನೂಲಿನ ಬಾಕಿ ಕೇಳಾಕ ಬಂದ ಸಾಹುಕಾರನ ಗುಮಾಸ್ತ;
ಆರೂ ಮಂದಿ ಅವನ ಕಣ್ಣು ತಪ್ಪಿಸಾಕ
ಅದ ಬಚ್ಚಲಾಗ ಹೊಕ್ಕೊಳ್ಳತಿದ್ದರು.
ಅವ್ವ ಸೆರಗು ಬಾಯಾಗ ತುರುಕಿಕೊಂಡು ನಗಾಕಿ,
ಅಪ್ಪ ನೋಡ್ಯಾನು ಅಂತ.
ಅಪ್ಪ ನೋಡತಿದ್ದ.
ಒಮ್ಮೊಮ್ಮೆ, ಎಳಿ ಹರಿದಿರದಿದ್ದರೂ,
ಹರಿದ ಎಳಿ ಜೋಡಿಸಾವನಂಗ
ನಮ್ಮ ಸನೇದ ಮಗ್ಗ ನಿಲ್ಲಸತಿದ್ದ.

ಆ ಮಗ್ಗ ಕಿಲೋ ಲೆಕ್ಕದಾಗ ಗುಜರಿಗೆ ಹೋದವು.
ನೆಲದಾಗ ಬೋಲ್ಟಿನ ಕುಣಿ ಹದಿನಾರು ಉಳದಾವು,
ಅವುಗಳ ಮ್ಯಾಲ ಚಾಪಿ ಹಾಸಿ ಕುಂತೀವಿ.
ತೇರದಾಳದಿಂದ ಅಕ್ಕ ಬಂದಾಳ, ಮಗಳನ ಕರಕೊಂಡು.
ಮೊದಲನೇ ಡಿಸ್ಕು.
ಮನಿ ಶಾಂತ ಐತಿ. ಎಲ್ಲಾ ಕೇಳಸ್ತು.
ಮುದುಕ ಕದ ಬಡಿದು ಅಂದದ್ದು ಇಷ್ಟ:
'ಸ್ವಲ್ಪ ಬೇಗ ಬಾರಪ್ಪ, ಆಫೀಸಿಗೆ ಹೊತ್ತಾಯಿತು.'
ಹೋ ಅಂತ ನಗಿ.
'ಕಾಫಿ ಆರಿ ಹೋಗ್ತಿದೆ ಮಾವ.'
ಮತ್ತ ಹೋ.
ನಾವು ಒಬ್ಬರ ಮಾರಿ ಒಬ್ಬರು ನೋಡಿದಿವಿ.
ಅವ್ವ ಅಂದಳು: 'ಇವರಿಗೇನ ಆಗೇತಿ?
ಜಡ್ಡಿನಾಗ ಬಿದ್ದಾರೇನ?
ಮೊದಲ ಎಷ್ಟ ಚೊಲೋ ಮಾತಾಡತಿದ್ರು!'
ಅಕ್ಕ ಡಬ್ಬಿ ಹೊಳ್ಳಿಸಿ, ಹಿಂದಿನ ಸಣ್ಣ ಅಕ್ಷರದಾಗ
'ಸಂಭಾಷಣೆ' ಅಂತ ಇದ್ದಲ್ಲಿ ಬೆರಳಿಟ್ಟಳು.
ಮುಂದ ಯಾರದೋ ಹೆಸರು.
ಎರಡ ಸಲ ಓದಿ, ಬೆರಳು ತಗದು,
ಕಡ್ಲಿ ಹುರದಿದ್ದ ಬುಟ್ಟಿ ಮುಂದ ಎಳಕೊಂಡಳು.

ಕಂತು ನಾಲ್ಕು. ಕಂತು ಐದು.
ಹುಡುಗಿ ಫೋನ್ ಒತ್ತಕೋತ ಒಳಗ ಹೋತು.

ಬಾಗಿಲ ಸನೇಕ ಖುರ್ಚಿ ಮ್ಯಾಲ ಅಪ್ಪ ಕುಂತಿದ್ದ.
ನಲವತ್ತು ವರ್ಷದ ಖಟಾಖಟ್
ಅವನ ಕಿವ್ಯಾಗಿಂದ ಗುಜರಿಗೆ ಹೋಗಿಲ್ಲ.
ಮಷೀನು ಕೊಡಿಸಿದರ 'ಬರೇ ಸೀಟಿ ಹೊಡಿತೈತಿ' ಅಂತ
ದೇವರ ಜಗಲಿ ಮ್ಯಾಲ ಇಟ್ಟಾನ.
ಪರದೆ ಮ್ಯಾಲ ಹಸಿರು ಸ್ವೆಟರು ಮತ್ತ ಕದ ಬಡೀತು.
ಅಪ್ಪ ಮುಂದ ಬಾಗಿದ:
'ದಾನವ್ವಾ, ಏನಂದ ಅವಾ?'

ಅಕ್ಕ ಬಾಯಾಗಿನ ಕಡ್ಲಿ ನುಂಗಿದಳು.
ಎದ್ದು ಹೋಗಿ, ಅವನ ಕಿವಿಗೆ ಎರಡೂ ಕೈ ಗೂಡು ಮಾಡಿ,
ಓಣಿ ಕೇಳೂವಂಗ:
'ಬಾವಿ ತೋಡಾಕತ್ತೀಯೋ ಅಂದಾ, ಅಪ್ಪಾ!'

ಅಪ್ಪ ನಕ್ಕ. ಅವ್ವ ಸೆರಗು ಹುಡುಕಿದಳು.
ಈ ಸಲ ಡಬ್ಬಿ ನಗಿ ನಮ್ಮ ಹಿಂದಿಂದ ಬಂತು.

ಇನ್ನ ಮೂರು ಡಿಸ್ಕು ಅದಾವು.