ಪಕ್ಕದ ಸೀಟು

ಶೆಟರು ಅರ್ಧ ಇಳಿಸಿ ಹಾಲೇಶಪ್ಪ ಊಟಕ್ಕೆ ಹೊರಟ.
"ಮೂರೂವರೆ ತನಕ ಆಫೀಸು ನಿಂದೇ ಲವಿನಾ,
ಸಾಗರದ ಪಾರ್ಸಲ್ ಬಂದ್ರೆ ಮಾತ್ರ ಸೈನ್ ಹಾಕು."

ಲ್ಯಾಪ್‌ಟಾಪಿನ ಅಡಿಗೆ ನಾಲ್ಕು ಟಿಕೆಟ್ ಪುಸ್ತಕ ಒಟ್ಟಿದೆ,
ಕ್ಯಾಮೆರಾ ನನ್ನ ಕಣ್ಣಿಗೆ ಸಮ ಬರಲಿ ಅಂತ.
ಬೆನ್ನ ಹಿಂದಿನ ದರಪಟ್ಟಿಗೆ ಬಿಳಿ ದುಪಟ್ಟಾ ಹೊದಿಸಿದೆ.
ಆದರೂ ಮೂಲೆಯಲ್ಲಿ "ಹಳ್ಳಿ ೭೫" ಅಂತ ಇಣುಕುತ್ತಿತ್ತು.
ಯಾವ ಹಳ್ಳಿ ಅಂತ ಅವರೇನೂ ಕೇಳಲಿಲ್ಲ.

ಇದು ನಾಲ್ಕನೇ ಸುತ್ತು.
ಮೊದಲನೆಯದರಲ್ಲಿ ಒಂದು ಮರವನ್ನು ತಲೆಕೆಳಗು ಮಾಡಿದ್ದೆ.
ಎರಡನೆಯದರಲ್ಲಿ, ತನ್ನ ಬಾಲವನ್ನೇ ಕಚ್ಚಿಕೊಂಡ
ಸರಪಣಿಯೊಂದನ್ನು ಹಿಡಿದುಕೊಟ್ಟಿದ್ದೆ.
ಮೂರರಲ್ಲಿ ಒಬ್ಬಾಕೆ ಮ್ಯೂಟ್ ಮಾಡಿಕೊಂಡು ಆಕಳಿಸಿದಳು;
ಆಕಳಿಕೆಗೆ ಮ್ಯೂಟು ಸಾಲದು.

ಈತ ಅನಿರ್ಬಾನ್. ಕುರ್ಚಿಯ ಬೆನ್ನು ತಲೆಗಿಂತ ಎತ್ತರ.
"ಒಂದು ಬಸ್ಸು. ಎನ್ ಸೀಟು.
ಜನ ಒಬ್ಬೊಬ್ಬರಾಗಿ ಬರ್ತಾರೆ, ಕೆಲವರು ಗುಂಪಾಗಿ.
ಒಂದು ಸೀಟೂ ಖಾಲಿ ಉಳಿಯದ ಹಾಗೆ ಕೂರಿಸಿ."

ದೇವರೇ, ನಗು ತಡೆದುಕೊಂಡೆ.
ಏಳು ವರ್ಷದಿಂದ ಈ ಗಲ್ಲದ ಮುಂದೆ ಕೂತು
ಇದನ್ನೇ ಅಲ್ಲವೇ ಮಾಡುತ್ತಿರುವುದು,
ಮೊದಲು ಉದ್ದ ನೋಟ್‌ಬುಕ್ಕಿನಲ್ಲಿ, ಪೆನ್ಸಿಲು ರಬ್ಬರಿನಲ್ಲಿ,
ಆಮೇಲೆ ರಾತ್ರಿ ರಾತ್ರಿ ಪೈಥಾನ್ ಕಲಿತು
ನಾನೇ ಬರೆದ ಮುನ್ನೂರು ಸಾಲಿನಲ್ಲಿ.

"ಸರ್, ಹೆಂಗಸರೆಷ್ಟು ಜನ?"
"ಸಾರಿ?"
"ಒಂಟಿ ಹೆಂಗಸಿದ್ದರೆ ಪಕ್ಕದ ಸೀಟು ಹೆಂಗಸಿಗೇ. ಇಲ್ಲಾಂದ್ರೆ ಖಾಲಿ."
"ಪ್ರಾಬ್ಲಮ್ಮಲ್ಲಿ ಅದಿಲ್ಲ. ಎಲ್ಲರೂ ಒಂದೇ ಅಂದುಕೊಳ್ಳಿ."

ಅಂದುಕೊಂಡೆ.
ಕೀಲಿಮಣೆಯ ಮೇಲೊಂದು ಇರುವೆ, ಹಿಂದಿನ ಪಾರ್ಸಲ್ಲಿನ
ಜೋನಿಬೆಲ್ಲದ ವಾಸನೆ ಹಿಡಿದು ಬಂದದ್ದು,
ಐ ಇಂದ ಜೆ ಗೆ, ಜೆ ಇಂದ ಕೆ ಗೆ ನಡೆಯಿತು.
ಊದಿದೆ. ಅವನು ನೋಡಿದನೇನೋ.

ಆಯನೂರಿನ ಆ ನರ್ಸು ಪರೀಕ್ಷೆಗೆ ಹೊರಟಿದ್ದಳು,
ಹೈದರಾಬಾದ್ ಬಸ್ಸು, ಹನ್ನೆರಡನೇ ಸೀಟು.
ಹನ್ನೊಂದನ್ನು ಕೊನೇ ಗಳಿಗೆಯಲ್ಲಿ ಯಾರಿಗೋ ಕೊಟ್ಟವಳು ನಾನೇ;
ಭರ್ತಿ ಆಯಿತೆಂದು ಆ ಸಾಲಿಗೆ ಟಿಕ್ಕು ಕೂಡ ಹೊಡೆದಿದ್ದೆ.
ಮಧ್ಯರಾತ್ರಿ ಚಿತ್ರದುರ್ಗದಿಂದ ಫೋನು:
"ಮೇಡಂ, ನಾನು ಇಳಿದುಬಿಟ್ಟೆ. ದುಡ್ಡು ವಾಪಸ್ ಬೇಡ."
ಅಷ್ಟೇ. ಪರೀಕ್ಷೆ ಏನಾಯಿತು ಅಂತ ನಾನು ಕೇಳಲಿಲ್ಲ.
"ಸೀಟು ಅಂದ್ರೆ ಸೀಟು ಕಣಮ್ಮ" ಅಂತ ಹಾಲೇಶಪ್ಪ ಮೇಜು ಗುದ್ದಿದ,
ನಾನೂ ಗುದ್ದಿದೆ. ಆಮೇಲೆ ಆ ನಿಯಮ ಬಂತು.

(ಮ್ಯಾನೇಜರ್ ಜೊತೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ
ಅಂತ ಹೋದ ಸುತ್ತಿನಲ್ಲಿ ಕೇಳಿದ್ದರು.
ಡೇಟಾ ತೋರಿಸಿ ಮನವೊಲಿಸಿದೆ ಅಂದಿದ್ದೆ.)

ಹದಿಮೂರು ನಿಮಿಷ ಬಾಕಿ. ಕೋಡು ಓಡುತ್ತಿದೆ.
ಬೆರಳು ತಾನಾಗಿ ಮೇಲೆ ಹೋಗಿ
ಒಂದು ಇಫ್ ಸೇರಿಸಿತು.
ಮೊದಲ ಟೆಸ್ಟು ಹಸಿರು. ಎರಡನೆಯದೂ.
ಮೂರನೆಯದು ಕೆಂಪು:
ಖಾಲಿ ಸೀಟು, ಬರಬೇಕಾದ್ದು ಸೊನ್ನೆ, ನಿಮಗೆ ಬಂದದ್ದು ಒಂದು.

"ಒಂದು ಸೀಟು ವೇಸ್ಟ್ ಆಯ್ತಲ್ಲ?" ಅಂದ, ಮೆತ್ತಗೇ ಅಂದ.
"ವೇಸ್ಟ್ ಅಲ್ಲ ಸರ್, ಅದು..."
ಇಂಗ್ಲಿಷಿನಲ್ಲಿ ಪದ ತಡಕಾಡಿದೆ.
ಕನ್ನಡದಲ್ಲೂ ಇರಲಿಲ್ಲ.
ಅಷ್ಟರಲ್ಲಿ ಶೆಟರು ಧಡಧಡ ಬಡಿದು ಯಾರೋ
"ಪಾರ್ಸಲ್ ಅಕ್ಕಾ!"

ಕೊನೆಗೆ ಅವನದ್ದು, "ನಮಗೇನಾದರೂ ಪ್ರಶ್ನೆ?"
ಬಾಯಿಪಾಠ ಮಾಡಿದ್ದನ್ನೇ ಕೇಳಿದೆ,
ನಿಮ್ಮ ತಂಡದ ವಾತಾವರಣ ಹೇಗಿದೆ ಅಂತ.
ಚೆನ್ನಾಗಿದೆ ಅಂದ. ಪರದೆ ಕಪ್ಪಾಯಿತು,
ಅದರೊಳಗೆ ನಾನು, ಹಿಂದೆ ಜಾರಿಬಿದ್ದ ದುಪಟ್ಟಾ,
ತಿರುಗುಮುರುಗಾಗಿ ಅಷ್ಟೂ ಊರುಗಳು.

ಹಾಲೇಶಪ್ಪ ಎಲೆಯಡಿಕೆ ಹಾಕಿಕೊಂಡು ಬಂದ.
"ಏನಾಯ್ತವ್ವ?"
"ಒಂದು ಸೀಟು ಉಳೀತು."
"ಯಾವ ಬಸ್ಸಲ್ಲಿ?
ಕೊಡು ಮತ್ತೆ, ಹೊರಗೆ ಗಿರಾಕಿ ಕಾಯ್ತಿದೆ."