ಉಗಿ

ಶೆಫೀಲ್ಡಿನ ಬಸ್ ಸ್ಟಾಪಿನೆದುರು, ಬೆಳಗಿನ ಐದೂಕಾಲಿಗೆ,
ವೆಂಡೆಲ್ ಮಂಡಿಯೂರಿದ್ದಾನೆ.
ದೇವರಿಗಲ್ಲ,
ಚೂಯಿಂಗ್ ಗಮ್ಮಿಗೆ.

ಕಲ್ಲುಹಾಸಿನ ತುಂಬ ಕಪ್ಪು ಚುಕ್ಕಿ.
ಯಾರೋ ರಂಗೋಲಿಗೆಂದು ಇಟ್ಟು
ಗೆರೆ ಎಳೆಯದೆ ಎದ್ದು ಹೋದ ಹಾಗೆ.

ಬೆನ್ನಿಗೆ ನೀರಿನ ಡಬ್ಬ, ಕೈಯಲ್ಲಿ ಹಿತ್ತಾಳೆ ಮೂತಿಯ ಕೊಳವೆ.
ಚುಸ್ಸ್...
ಒಂದು ಚುಕ್ಕಿ ಕರಗಿತು.
ಪುದೀನದ ವಾಸನೆ ಎದ್ದಿತು,
ಯಾವ ವರ್ಷದ ಯಾರ ಬಾಯಿಯದೋ.

ರಾತ್ರಿಪಾಳಿ ಮುಗಿಸಿ ನಿಂತವಳು ಕೇಳಿದೆ: ಎಷ್ಟಿವೆ ಒಟ್ಟು?
"ಎಣಿಸೋದು ಬಿಟ್ಟಿದ್ದೀನಮ್ಮ.
ಎಣಿಸಿದ ದಿನ ಸೊಂಟ ಹಿಡಿಯುತ್ತೆ."

ನನ್ನ ಭಾಷೆಯಲ್ಲಿ ಈ ಹಬೆಗೂ,
ಉಗುಳುವುದಕ್ಕೂ,
ಉಗುಳಿದವನನ್ನು ಬೈಯುವುದಕ್ಕೂ ಒಂದೇ ಮಾತು.
ಹೇಳಲು ಹೋಗಿ ಇಂಗ್ಲಿಷಿನಲ್ಲಿ ಎಡವಿದೆ.
ಅವನು ಪಾಪ, ಇನ್ನೊಂದು ಚುಕ್ಕಿಯತ್ತ ಸರಿದ.

ಬಸ್ಸು ಬಂತು.
ನನ್ನ ಬಾಯಲ್ಲೂ ಒಂದಿತ್ತು,
ಮೂರು ಗಂಟೆಯಿಂದ ನಿದ್ದೆ ತಡೆಯಲು ಅಗಿದದ್ದು, ರುಚಿ ಸತ್ತದ್ದು.
ನಿನ್ನೆಯ ಟಿಕೆಟ್ಟಿನಲ್ಲಿ ಸುತ್ತಿ ಕೋಟಿನ ಜೇಬಿಗಿಟ್ಟೆ.

ಕಿಟಕಿಯಾಚೆ
ಅಂಗೈಯಗಲದ ಬರಿಯ ಕಲ್ಲು
ಇನ್ನೂ ಹಬೆಯಾಡುತ್ತಿತ್ತು. ಇಳಿದವನೊಬ್ಬ
ಯಾಕೋ ಅದನ್ನು ದಾಟಿಕೊಂಡು ಹೆಜ್ಜೆ ಇಟ್ಟ.