ದಿಡ್ಡಿ ಬಾಗಿಲು

ಮೊದಲು ಕೇಳಿದ್ದು ಡಾಕ್ಟರು, ಕೈಗವಸು ಕಳಚುತ್ತ:
‘ವಾರಿಜಾ, ನೀನು ಮನಿಲಾದಲ್ಲಿ ಸಿಕ್ಕಿಹಾಕಿಕೊಂಡಿದ್ದೀಯಂತೆ?’
ನಾನು ಬ್ಯಾಲರಾಟಿನಲ್ಲೇ ಇದ್ದೆ. ಜುಲೈ ಚಳಿ,
ಹಲ್ಲಿನ ಕ್ಲಿನಿಕ್ಕಿನ ಮುಂದಿನ ಮೇಜು, ಕಾಲ ಬಳಿ ಹೀಟರು,
ಮೂರೂವರೆಯ ರೂಟ್ ಕೆನಾಲಿಗೆ ಹೆಸರು ಬರೆದುಕೊಳ್ಳುತ್ತ.

ಮನಿಲಾದವಳು ನನಗಿಂತ ನಯ.
‘ಪ್ರಿಯರೇ’ ಎನ್ನುತ್ತಾಳೆ. ‘ತೊಂದರೆ ಕೊಡುತ್ತಿದ್ದೇನೆಯೇ?’ ಎನ್ನುತ್ತಾಳೆ.
ಅಣ್ಣನ ಮಗಳಿಗೆ ಆಪರೇಷನ್ನಂತೆ (ನನಗೆ ಅಣ್ಣನೇ ಇಲ್ಲ),
ಇನ್ನೂರು ಡಾಲರಿನ ಗಿಫ್ಟ್ ಕಾರ್ಡು ಕೊಂಡು
ಹಿಂಬದಿ ಕೆರೆದು ಅಂಕಿಯ ಫೋಟೋ ಕಳಿಸಿದರೆ ಸಾಕಂತೆ.
ಇಪ್ಪತ್ತೆರಡು ವರ್ಷ ಈ ಊರಲ್ಲಿದ್ದು
ಪಕ್ಕದ ಮನೆಯಲ್ಲಿ ಒಂದು ಲೋಟ ಸಕ್ಕರೆ ಕೇಳದವಳು ನಾನು.
ಅವಳು ಒಂದೇ ರಾತ್ರಿಗೆ
ಮುನ್ನೂರ ಹದಿನಾಲ್ಕು ಜನರ ಮುಂದೆ ಸೆರಗೊಡ್ಡಿದಳು.

ಪಾಸ್‌ವರ್ಡು ಬದಲಿಸಿದೆ. ಹಳೆಯದು ಬೆಕ್ಕಿನ ಹೆಸರು, ಬಾಲಕ್ಕೆ ಒಂದು ಎರಡು ಮೂರು.
ಶುಕ್ರವಾರ ಮತ್ತೆ ಹೋಯಿತು: ‘ಸುಮ್ಮನೆ ನೆನಪಿಸುತ್ತಿದ್ದೇನೆ.’
ಮತ್ತೆ ಬದಲಿಸಿದೆ. ಮತ್ತೆ ಶುಕ್ರವಾರ ಬಂತು.

ಲೈಬ್ರರಿಯಲ್ಲಿ ಥುಯ್ ಎಂಬ ಹುಡುಗಿ,
ಮಂಗಳವಾರ ಹತ್ತರಿಂದ ಹನ್ನೆರಡರವರೆಗೆ ನಮ್ಮಂಥವರ ಗಂಟು ಬಿಡಿಸುವವಳು,
ಉಗುರು ಕಚ್ಚುತ್ತ ಒಳಗಿಳಿದಳು:
‘ನೀವು ಮುಂಬಾಗಿಲಿಗೇ ಬೀಗದ ಮೇಲೆ ಬೀಗ ಹಾಕ್ತಿದೀರಿ. ಇಲ್ನೋಡಿ.’
ಮರೆತರೆ ಯಾರನ್ನು ಕೇಳಬೇಕು ಎಂಬಲ್ಲಿ
ನನ್ನದಲ್ಲದ ಒಂದು ಫೋನ್ ನಂಬರು.
ಅದರಡಿ ಒಂದು ನಿಯಮ, ಅದರ ಹೆಸರು ಬರೀ ಚುಕ್ಕೆ:
ಬಂದ ಉತ್ತರವೆಲ್ಲ ನನ್ನ ಕಣ್ಣು ತಪ್ಪಿಸಿ
ನಾನೆಂದೂ ತೆರೆಯದ ಫೋಲ್ಡರಿಗೆ.

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.
ದುರ್ಗದವಳು ನಾನು, ದಿಡ್ಡಿ ಎಂದರೆ ಕಲ್ಲಿನದೆಂದೇ ತಿಳಿದಿದ್ದೆ.
ಚುಕ್ಕೆಯಷ್ಟೂ ಇರಬಹುದು.

ಹಾಕಿದೆವು. ಆಮೇಲೆ ಆ ಫೋಲ್ಡರು.
ಅರವತ್ತೊಂದು ಉತ್ತರ.
ನಲ್ಲಿ ರಿಪೇರಿಯವನು: ‘ಯಾವ ಅಂಗಡಿಯ ಕಾರ್ಡು?’
ಪಾದ್ರಿ: ಪ್ರಾರ್ಥನೆ ಮಾತ್ರ.
ಕೆಳದವಡೆಯ ಕಟ್ಟುಹಲ್ಲಿನ ಮಿಸೆಸ್ ಪೆಡರ್ಸನ್
ವಾಕರ್ ತಳ್ಳಿಕೊಂಡು ಸ್ಟರ್ಟ್ ಸ್ಟ್ರೀಟಿನವರೆಗೂ ಹೋಗಿ
ಇನ್ನೂರು ಕಳಿಸಿದ್ದರು. ‘ಮಗು ಹೇಗಿದೆ?’ ಎಂದು ಮೂರು ಸಲ ಬರೆದಿದ್ದರು.
ಲಕೋಟೆಯಲ್ಲಿ ದುಡ್ಡು ಹಿಡಿದು ಹೋದೆ.
‘ಹಾಗಾದರೆ ಮಗುವೇ ಇಲ್ಲವೇ?’
ಏನೋ ಕಳೆದುಕೊಂಡವರ ಹಾಗೆ ಕೇಳಿ
ಲಕೋಟೆಯನ್ನು ನನ್ನತ್ತಲೇ ಸರಿಸಿದರು.

ಎಲ್ಲಕ್ಕಿಂತ ಕೆಳಗೆ, ಚಿಕ್ಕಮ್ಮನ ಮಗಳು ಶಶಿರೇಖ,
ನನ್ನೊಡನೆ ಮಾತುಬಿಟ್ಟವಳು, ಒಂದೇ ಸಾಲು:
‘ಕನ್ನಡದಲ್ಲಿ ಬರಿ, ನಂಬುತ್ತೇನೆ.’

ಬರೆದೆ. ಅದು ನಾನಲ್ಲ, ಇದು ನಾನು, ಎಂದು.
ಮರುದಿನ ಉತ್ತರ ಬಂತು:
‘ಈಗ ಕಳ್ಳರಿಗೂ ಕನ್ನಡ ಬರುತ್ತದೆ. ನೀನೇ ಆದರೆ ಹೇಳು,
ನಾಕನೇ ಕ್ಲಾಸಿನ ಬೇಸಿಗೆ ರಜೆ, ಸಂತೆಹೊಂಡದ ಮೆಟ್ಟಿಲು.
ನೀರಿಗೆ ಬಿದ್ದದ್ದೇನು?’

ಥುಯ್ ಕಲಿಸಿದಂತೆ ಒಳಹೋಗಲು ಈಗ ಎರಡು ಮೆಟ್ಟಿಲು.
ಫೋನಿಗೆ ಆರಂಕಿ ಬಂತು, ಅದರಡಿ ಎಚ್ಚರಿಕೆ:
‘ಇದನ್ನು ಯಾರಿಗೂ ಹೇಳಬೇಡಿ.’
ನಲವತ್ತಮೂರು ವರ್ಷ ಹೇಳಿರಲಿಲ್ಲ.

‘ಅಪ್ಪನ ಬೀರುವಿನ ಕೀಲಿ, ಶಶಿ.
ಬೀಳಿಸಿದ್ದು ನಾನು.
ಏಟು ತಿಂದದ್ದು ನೀನು.’

ಇವತ್ತು ಶುಕ್ರವಾರ.
ಮನಿಲಾದಿಂದ ಸದ್ದಿಲ್ಲ.
ದುರ್ಗದಿಂದಲೂ, ಇನ್ನೂ.